ಸೋಮವಾರದ ಗಾಣ

ಸದ್ದಿಲ್ಲ, ಸ್ಕೂಟಿ ಆಫ್ ಮಾಡಿದ ಮೇಲೂ ಕಿವಿಯೊಳಗೆ ಅದರದೇ ಗುಂಯ್ ಅನ್ನುವ ಸದ್ದು, ಅದೂ ಇಳಿದ ಮೇಲೆ ಒಂದು ಕಾಗೆ, ಎಲ್ಲೋ ದೂರದಲ್ಲಿ ಬೋರಿನ ಮೋಟರು, ಅಷ್ಟೇ — ಗಾಣದ ಮನೆ ಎಂದರೆ ದಾರಿಯ ತಿರುವಿನಲ್ಲೇ ಕಿರ್ರೋ ಎಂದು ಕೇಳಬೇಕಲ್ಲ, ಮರಕ್ಕೆ ಮರ ಉಜ್ಜುವ ಸದ್ದು, ಕೇಳುತ್ತಿಲ್ಲ, ಕುಸುಬೆ ಎಣ್ಣೆಯ ವಾಸನೆಯೇನೋ ಇದೆ, ಆದರೆ ಅದು ನಿನ್ನೆಯದು, ವಾಸನೆಯನ್ನು ತಪಾಸಣೆಯ ಆ್ಯಪಿಗೆ ಹಾಕಲು ಬರುವುದಿಲ್ಲ. ಪಾಮನಕಲ್ಲೂರು ದಾಟಿ, ಹಳ್ಳದ ಬದಿಯ ಮನೆ, ಹೊಸ ತಗಡಿನ ಚಪ್ಪರ, ಮನೆಯ ಯಜಮಾನಿ ಅಂಬಮ್ಮ, ಸೊಸೆ ಶಿವಗಂಗಾ, ಸಾಲ ಸೊಸೆಯ ಹೆಸರಿನಲ್ಲಿ, ಎಲ್ಲಾ ಸರಿಯಾಗಿದೆ, ಚಪ್ಪರದ ಕಂಬಕ್ಕೆ ನೆರೆ ಸಂತ್ರಸ್ತರ ಸಣ್ಣ ಉದ್ಯೋಗ ಸಾಲದ ಬೋರ್ಡನ್ನೂ ಬಡಿದಿದ್ದಾರೆ, ಪಾಪ, ನೇರವಾಗಿ ಬಡಿದಿದ್ದಾರೆ, ಬೇರೆಯವರ ಮನೆಗಳಲ್ಲಿ ಈ ಬೋರ್ಡು ಕೋಳಿ ಗೂಡಿನ ಬಾಗಿಲಾಗಿರುತ್ತದೆ. ಚಪ್ಪರದೊಳಗೆ ಗಾಣ ನಿಂತಿದೆ. ಬೇವಿನ ಕೆಳಗೆ ಎರಡು ಬಿಳಿ ಎತ್ತು, ಮೈ ತೊಳೆದಿದ್ದಾರೆ, ಹಣೆಗೆ ವಿಭೂತಿ, ಕೊಂಬಿಗೆ ಚೆಂಡುಹೂವು, ಎರಡೂ ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತಿವೆ, ಬೀಗರ ಮನೆಗೆ ಬಂದ ಹಿರಿಯರ ಹಾಗೆ — ಅಯ್ಯೋ ಶಿವನೇ, ಇವತ್ತು ಸೋಮವಾರ.

ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಬಸವನ ವಾರ, ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ, ಸಾಲಗುಂದದಲ್ಲಿ ಹುಟ್ಟಿದವಳು ನಾನು, ಭಾರತಿ, ಕನಕರಾಯನ ಮಗಳು, ಚಿಕ್ಕವಳಿದ್ದಾಗ ಸೋಮವಾರ ಬಂತೆಂದರೆ ಎತ್ತಿನ ಮೈ ತೊಳೆಯಲು ಕಾಲುವೆಗೆ ನಾನೇ ಹೋಗುತ್ತಿದ್ದೆ, ಬಾಲ ಹಿಡಿದುಕೊಂಡು ನೀರಿಗಿಳಿಯುತ್ತಿದ್ದೆ. ಆಮೇಲೆ ಅಪ್ಪ ಟ್ರ್ಯಾಕ್ಟರ್ ತಂದ, ಟ್ರ್ಯಾಕ್ಟರಿಗೆ ಸೋಮವಾರವೂ ಇಲ್ಲ ಮಂಗಳವಾರವೂ ಇಲ್ಲ, ನಮ್ಮ ಕಾಲುವೆ ಸೀಮೆಯಲ್ಲಿ ನೀರು ಬಂದ ದಿನವೇ ಹಬ್ಬ, ಹೀಗೆ ಸೋಮವಾರ ನನ್ನ ತಲೆಯಿಂದ ಎಂದು ಜಾರಿತೋ ಗೊತ್ತೇ ಆಗಲಿಲ್ಲ. ಈ ಒಣ ಸೀಮೆಯಲ್ಲಿ ಜಾರಿಲ್ಲ ನೋಡು. ಬೆಳಿಗ್ಗೆ ಸಿಂಧನೂರು ಬಿಡುವಾಗ ಮೊಬೈಲ್ ತೋರಿಸಿತು — ಮಸ್ಕಿ ಪಾಳಿ, ಬಾಕಿ ಒಂದು ಘಟಕ, ಗಾಣ — ಸರಿ ಎಂದು ಹೊರಟೆ, ಪಾಳಿ ಹಾಕಿದವರು ಎಲ್ಲೋ ಬೆಂಗಳೂರಿನಲ್ಲಿ ಕೂತು ಹಾಕಿದ್ದಾರೆ, ಸೋಮವಾರ ಮಸ್ಕಿ, ಮಂಗಳವಾರ ಲಿಂಗಸುಗೂರು, ಬುಧವಾರ ಸಿಂಧನೂರು, ಅವರಿಗೆ ವಾರ ಎಂದರೆ ಬರೀ ವಾರ. ಹೋದ ಸಲ ಬಂದವನು ಬೇರೆ ತಪಾಸಣೆಗಾರ, ಕಲಬುರಗಿ ಕಡೆಯ ಹುಡುಗ, ಅವನೂ ಸೋಮವಾರವೇ ಬಂದಿರಬೇಕು, ಮತ್ತಿನ್ನೇನು, ಮಸ್ಕಿ ಪಾಳಿಯೇ ಸೋಮವಾರ, ಅವನು ನಿಂತ ಗಾಣ ನೋಡಿದ, ಘಟಕ ಸ್ಥಗಿತ ಎಂದು ಒತ್ತಿ ಹೋದ. ಒಂದರ ಹಿಂದೊಂದು ಎರಡು ಸಲ ಸ್ಥಗಿತ ಎಂದು ಬಿದ್ದರೆ ಸಾಲ ತಾನಾಗಿಯೇ ವಸೂಲಿಗೆ ಹೋಗುತ್ತದೆ, ಯಾರೂ ಸಹಿ ಹಾಕಬೇಕಿಲ್ಲ, ಒಟ್ಟಿಗೇ ಕಟ್ಟಿ ಎಂದು ನೋಟಿಸು ಬರುತ್ತದೆ. ಇವತ್ತಿನದು ಎರಡನೆಯದು. ಒತ್ತಬೇಕಾದವಳು ನಾನು.

ನಿಯಮ ತಪ್ಪು ಎಂದು ಹೇಳುವ ಹಾಗೂ ಇಲ್ಲ, ನಾನು ಹೇಳುವುದೂ ಇಲ್ಲ, ಈ ನಿಯಮ ಯಾಕೆ ಬಂತು ಎಂದು ನನಗೇ ಚೆನ್ನಾಗಿ ಗೊತ್ತು. ನೆರೆ ಬಂದು ಹೋದ ಮೇಲೆ ಸರ್ಕಾರ ಸಾಲ ಕೊಟ್ಟಾಗ ನಮ್ಮ ಕಡೆಯವರು ಮಾಡಿದ್ದು ಒಂದೆರಡು ಆಟವೇ — ಒಂದೇ ಖಾರ ಕುಟ್ಟುವ ಯಂತ್ರ, ಟಂಟಂ ಗಾಡಿಯಲ್ಲಿ ಊರೂರು ತಿರುಗಿತು, ತಪಾಸಣೆಗಿಂತ ಒಂದು ಊರು ಮುಂದೆ, ದಢೇಸುಗೂರಿನಲ್ಲಿ ಕಂಡಿತು, ಮುಂದಿನ ಊರಿನಲ್ಲೂ ಕಂಡಿತು, ಅದರಾಚೆಯ ಊರಿನಲ್ಲಿ ನಾನೇ ಹೋಗಿ ನೋಡಿದರೆ ಅದೇ ಯಂತ್ರ, ಅದೇ ಮಗ್ಗುಲಿಗೆ ಅದೇ ನೆಗ್ಗು, ನೆಗ್ಗಿನ ಮೇಲೆ ಅದೇ ಆಂಜನೇಯನ ಸ್ಟಿಕ್ಕರು, ಆಂಜನೇಯಾ ನೀನೂ ಸಾಲ ತಗೊಂಡೆಯಾ ಎಂದು ಕೇಳಬೇಕೆನಿಸಿತು. ಹಿಡಿದುಕೊಟ್ಟವಳು ನಾನೇ. ಅದಕ್ಕೆ ಈಗ ಫೋಟೋ ನಡೆಯುವುದಿಲ್ಲ, ನಿಂತ ಜಾಗದ ಗುರುತಿನ ಸಮೇತ ಯಂತ್ರ ಓಡುವ ವಿಡಿಯೊ ಬೇಕು, ಅಲ್ಲೇ ತೆಗೆಯಬೇಕು, ಹಳೆಯದನ್ನು ತೆಗೆದುಕೊಳ್ಳುವುದಿಲ್ಲ. ಒಳ್ಳೆಯದೇ ಆಯಿತು ಎಂದಿದ್ದೆ ಆವತ್ತು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಟಂಟಮ್ಮಿನಲ್ಲಿ ತಿರುಗಿದವರು ಎಲ್ಲಿದ್ದಾರೋ, ಬರೆ ಬಂದು ಈ ಚಪ್ಪರದ ಕೆಳಗೆ ಬೀಳುತ್ತಿದೆ. ರಾಯಚೂರಿನ ತರಬೇತಿಯಲ್ಲಿ ಒಬ್ಬ ಸಾಹೇಬರು ಹೇಳಿದ್ದರು, ನೋಡುವುದಷ್ಟೇ ನಿಮ್ಮ ಕೆಲಸ, ವಿಚಾರ ಮಾಡಬೇಡಿ, ಕಂಡದ್ದನ್ನು ಒತ್ತಿ. ಕಂಡದ್ದನ್ನೇ ಒತ್ತಿದ್ದೇನೆ ಇಲ್ಲಿಯವರೆಗೆ, ಕಾಣದ್ದನ್ನು ಒಂದು ಸಲವೂ ಒತ್ತಿಲ್ಲ, ಅದೊಂದೇ ನನ್ನ ಜಂಬ, ಬೇರೆ ಇನ್ನೇನಿದೆ, ಗುತ್ತಿಗೆ ಕೆಲಸ, ಸ್ವಂತ ಸ್ಕೂಟಿ, ಸ್ವಂತ ಪೆಟ್ರೋಲು.

ಬರ್ರಿ ಮೇಡಂ, ಬಿಸಲಾಗ ಬಂದೀರಿ, ಕುಂದರ್ರಿ — ಶಿವಗಂಗಾ ಇರಬೇಕು, ತಂಬಿಗೆ ತುಂಬ ನೀರು, ತಟ್ಟೆಯಲ್ಲಿ ಬೆಲ್ಲ, ನನಗಿಂತ ಚಿಕ್ಕವಳು, ಕೈಯೆಲ್ಲ ಎಣ್ಣೆಯ ಹೊಳಪು. ನಮ್ಮ ಮನಿಯವರು ಎಣ್ಣಿ ಡಬ್ಬಿ ತಗೊಂಡು ಸಿಂಧನೂರಿಗೆ ಹೋಗ್ಯಾರ್ರಿ, ಎತ್ತಿನ ಗಾಣದ್ದಂದ್ರ ಅಲ್ಲಿ ಜನ ಕಾಯ್ಕೊಂಡ ಕುಂದರ್ತಾರ. ನಾನು ನೀರು ಕುಡಿದು, ತಂಗಿ, ನಿಮ್ಮ ಅರ್ಜಿಯಲ್ಲಿ ವಾರದ ರಜೆ ಇಲ್ಲ ಅಂತ ಐತಲ್ಲ, ಸೋಮವಾರ ಗಾಣ ನಿಲ್ಲಿಸುತ್ತೀರಿ ಅಂತ ಬರೆಸಬೇಕಿತ್ತು, ಎಂದೆ. ಅವಳ ಮುಖ ನೋಡು, ನಾನು ತೆಲುಗಿನಲ್ಲಿ ಮಾತಾಡಿದ ಹಾಗೆ. ಮಸ್ಕ್ಯಾಗ ಅರ್ಜಿ ತುಂಬೋ ಆನ್‌ಲೈನ್ ಅಂಗಡಿ ಮುಕ್ತಿಯಾರಣ್ಣ ಕೇಳಿದ್ರಿ, ರಜಾ ಯಾವತ್ತಕ್ಕಾ ಅಂತ, ನಮಗೆಲ್ಲಿ ರಜಾ ಬಿಡಣ್ಣ ಅಂದೆ, ಅವರೂ ಹೌದಕ್ಕಾ ನಮಗೂ ಇಲ್ಲ ಅಂತ ನಕ್ಕೊಂತ ಒತ್ತಿಬಿಟ್ರು. ಮತ್ತ ಸೋಮವಾರ? ಎಂದೆ ನಾನು. ಸೋಮವಾರ ರಜಾ ಏನ್ರಿ ಮೇಡಂ ಅದು? ಸೋಮವಾರ ಅದು! ಅವಳ ದನಿಯಲ್ಲಿ ಸಿಟ್ಟಿಲ್ಲ, ಇಷ್ಟೂ ಗೊತ್ತಿಲ್ಲವೇ ಎನ್ನುವ ಅಚ್ಚರಿ ಮಾತ್ರ. ಸರಿಯೇ ಇದೆ, ರಜೆ ಎಂದರೆ ಮನುಷ್ಯರು ಮಲಗುವುದು, ಇಲ್ಲಿ ಸೋಮವಾರ ಮನುಷ್ಯರು ಮಲಗುವುದಿಲ್ಲ, ಕುಸುಬೆ ಕೇರುತ್ತಾರೆ, ಹಿಂಡಿ ಒಣ ಹಾಕುತ್ತಾರೆ, ಡಬ್ಬಿ ತೊಳೆಯುತ್ತಾರೆ, ಎತ್ತಿಗೆ ಮಾತ್ರ ನೊಗವಿಲ್ಲ, ಅದನ್ನು ರಜೆ ಎಂದು ಯಾರು ಕರೆಯುತ್ತಾರೆ, ಮುಕ್ತಿಯಾರ್ ಜಾಗದಲ್ಲಿ ನಾನೇ ಕೂತಿದ್ದರೂ ಹಾಗೇ ಒತ್ತುತ್ತಿದ್ದೆ.

ಲಿಂಗಸುಗೂರು ಆಫೀಸಿಗೆ ಫೋನ್ ಹಚ್ಚಿದೆ, ಹನುಮಂತರಾಯ ಸರ್, ನಮ್ಮ ಮೇಲಿನವರು, ಕೆಟ್ಟವರಲ್ಲ, ಊಟ ಮಾಡುತ್ತಿದ್ದರು, ಅಗಿಯುವ ಸದ್ದು ಫೋನಿನಲ್ಲಿ ಕೇಳುತ್ತಿದೆ. ನೋಡಮ್ಮ ಭಾರತಿ, ಅದರಾಗ ಓಡಾಕತ್ತೈತೋ ಇಲ್ಲೋ ಅಂತ ಎರಡ ಅದಾವ, ಸೋಮವಾರ ಅಂತ ಮೂರನೇದ್ದಿಲ್ಲ. ನಾಳೆ ಬಂದು ವಿಡಿಯೊ ತಗೀಲೇನ್ರಿ ಸರ್? ನಾಳೆ ಲಿಂಗಸುಗೂರು ಪಾಳಿ, ಮಸ್ಕಿ ತೆರಿಯಂಗಿಲ್ಲ, ಇವತ್ತ ಸಂಜಿಕ ಈ ಸುತ್ತು ಬಂದ್ ಆಗ್ತೈತಿ. ಹಂಗಾದ್ರ ಸ್ಥಗಿತ ಅಂತ ಹಾಕಿ ಷರಾದಾಗ ಹಕೀಕತ್ತು ಬರಿತೀನ್ರಿ. ಷರಾ ಯಾರು ಓದ್ತಾರಮ್ಮ, ಮಷೀನು ಎಣಸ್ತೈತಿ, ಒಂದು, ಎರಡು, ನೋಟಿಸು, ಅದಕ್ಕ ಸೋಮವಾರ ಸೋಮಲಿಂಗ ಏನ್ ಗೊತ್ತು. ಮತ್ತೇನ್ ಮಾಡ್ಲಿ ಸರ್? ಅಗಿಯುವುದು ನಿಂತಿತು. ನಾ ಹಿಂಗ ಮಾಡು ಅಂತ ಹೇಳಾಕ ಬರಂಗಿಲ್ಲ, ಸುಳ್ಳು ಹಾಕಬ್ಯಾಡ, ನೀನ ಹಿಡಿದಿದ್ದಿ ಆ ಖಾರದ ಮಷೀನು, ಈಗ ನಿನ್ನ ಮ್ಯಾಲ ಎಲ್ಲಾರ ಕಣ್ಣು, ಖರೇ ಇದ್ದದ್ದ ಹಾಕು. ಖರೇ ಇದ್ದದ್ದು — ಗಾಣ ವಾರವೆಲ್ಲ ತಿರುಗುತ್ತದೆ ಎನ್ನುವುದು ಖರೇ, ಈಗ ನಿಂತಿದೆ ಎನ್ನುವುದೂ ಖರೇ, ಯಾವ ಖರೇ ಒತ್ತಲಿ ಸರ್ ಎಂದು ಕೇಳುವಷ್ಟರಲ್ಲಿ ಅವರು ಮಜ್ಜಿಗೆ ಅಂತ ಯಾರಿಗೋ ಹೇಳಿದರು, ಫೋನ್ ಕಟ್ಟಾಯಿತು.

ಶಿವಗಂಗಾಗೆ ಎಲ್ಲಾ ಕೇಳಿಸಿದೆ, ಸ್ಪೀಕರ್ ಹಾಕಬಾರದಿತ್ತು, ಅವಳು ಬೇವಿನ ಕೆಳಗೆ ಹೋಗಿ ಒಂದು ಎತ್ತಿನ ಹಗ್ಗಕ್ಕೆ ಕೈ ಹಾಕಿದಳು. ನಿಂದ್ರ ಗಂಗಾ. ಒಳಗಿನಿಂದ ಬಂದವಳು ಅಂಬಮ್ಮ, ಅರವತ್ತರ ಹತ್ತಿರ, ತೆಳ್ಳನೆಯ ಹೆಂಗಸು, ಹಣೆಯ ಮೇಲೆ ಎತ್ತಿಗಿದ್ದಷ್ಟೇ ದಪ್ಪ ವಿಭೂತಿ, ಕೈಯಲ್ಲಿ ಕುಸುಬೆ ಕೇರುತ್ತಿದ್ದ ಮೊರ. ಆ ಹಗ್ಗ ಬಿಡು. ಒಂದ ಸುತ್ತು ಅತ್ತಿ, ಒಂದ ಸುತ್ತು ಹಾಕಿಸಿ ಬಿಟ್ಟುಬಿಡ್ತೀನಿ. ಒಂದ ಸುತ್ತಿಗೂ ನೊಗ ಇಡಬೇಕಲ್ಲ? ಸೊಸೆಯ ದನಿ ಏರಿತು — ಸಾಲ ಒಮ್ಮಿಗೇ ಕಟ್ಟು ಅಂದ್ರ ಏನ್ ಮಾಡ್ತಿ ಅತ್ತಿ, ಇವನ್ನ ಮಾರಬೇಕಾಗ್ತೈತಿ, ಸಂತ್ಯಾಗ ಕೊಂಡವರು ಸೋಮವಾರ ನೋಡ್ತಾರೇನು, ಅವಾಗ ಎಲ್ಲಿರ್ತೈತಿ ನಿನ್ನ ಬಸವನ ವಾರ? ಅಂಬಮ್ಮ ನನ್ನ ಕಡೆ ತಿರುಗಿ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ ಹೇಳಿದಳು, ತಂಗಿ, ಹಳ್ಳ ಬಂತಲ್ಲ, ಹಳೇ ಗಾಣ ಕೊಚಗೊಂಡು ಹೋತಲ್ಲ, ಅವತ್ತು ಸೋಮವಾರ. ಬ್ಯಾರೆ ವಾರ ಆಗಿದ್ರ ಇವು ಗಾಣಕ್ಕ ಕಟ್ಟಿರ್ತಿದ್ವು, ಅದರ ಸಂಗಟ ಇವೂ ಹೋಗ್ತಿದ್ವು. ಸೋಮವಾರ ಅಂತ ದಿಬ್ಬದ ಮ್ಯಾಲ ಮೇಯಾಕ ಬಿಟ್ಟಿದ್ವಿ, ಉಳದ್ವು. ಸೋಮವಾರ ಉಳಿಸಿಕೊಟ್ಟದ್ದನ್ನ ಸೋಮವಾರನ ಹೂಡು ಅಂದ್ರ ನನ್ನ ಕೈ ಹೆಂಗ ಬರ್ತೈತಿ ಹೇಳು. ಅರ್ಜಿಯ ಜೊತೆಗಿದ್ದ ಹಾನಿಯ ವರದಿ ಓದಿದ್ದೇನೆ, ಗಾಣ ಪೂರ್ತಿ ನಾಶ, ಜಾನುವಾರು ಹಾನಿ ಇಲ್ಲ, ಅಷ್ಟೇ ಇತ್ತು ಅದರಲ್ಲಿ, ಇಲ್ಲ ಎನ್ನುವ ಪದದ ಹಿಂದೆ ಒಂದು ಸೋಮವಾರ ಇರುತ್ತದೆ ಎಂದು ಯಾರಿಗೆ ಹೊಳೆಯಬೇಕು. ಸ್ಥಗಿತ ಎಂದು ಒತ್ತಿ ಹೊರಟುಬಿಡಲೇ, ಸ್ಕೂಟಿ ನೆರಳಲ್ಲೇ ಇದೆ, ಒತ್ತಿದರೆ ನನಗೇನೂ ಆಗುವುದಿಲ್ಲ, ಇವರ ಎತ್ತು ಹೋಗುತ್ತದೆ, ಎತ್ತು ಹೋದರೆ ಗಾಣ ಖರೇನೇ ನಿಲ್ಲುತ್ತದೆ, ಆಮೇಲೆ ಯಾರಾದರೂ ಬಂದು ನೋಡಿ, ಭಾರತಿ ಸರಿಯಾಗೇ ಒತ್ತಿದ್ದಾಳೆ ಎನ್ನುತ್ತಾರೆ.

ಮೊರ ಕೆಳಗಿಟ್ಟು ಅಂಬಮ್ಮ ಗಾಣವನ್ನು ನೋಡುತ್ತಾ ನಿಂತಳು, ಆಮೇಲೆ ಒಂದು ಮಾತು ಕೇಳಿದಳು, ತುಟಿಯ ಅಂಚಿನಲ್ಲಿ ನಗೆ, ಗಂಡನಿಗೆ ಕೀಟಲೆ ಮಾಡುವ ವಯಸ್ಸಿನಲ್ಲಿ ಹೀಗೇ ನಗುತ್ತಿದ್ದಳೇನೋ — ತಂಗಿ, ಸರ್ಕಾರಕ್ಕ ಗಾಣ ತಿರುಗಬೇಕೋ, ಎತ್ತು ತಿರುಗಬೇಕೋ? ಗಾಣ ಅಂತ ಐತಿ ಅಮ್ಮ, ಘಟಕ ಚಾಲನೆಯಲ್ಲಿ ಕಾಣಬೇಕು ಅಂತ. ಹಂಗಾದ್ರ ಏಳು, ಮೊಬೈಲ್ ತಗಿ. ಗಂಗಾ, ಎರಡು ಬೊಗಸಿ ಕುಸುಬಿ ಹಾಕು, ಬರೇ ಗಾಣ ತಿರುವಬಾರದು. ಅತ್ತಿ ನೀ ಬ್ಯಾಡ, ನಾ ಹೊರ್ತೀನಿ, ನೀ ಹಿಂದ ನೂಕು. ಹಟ ನಂದು, ಹೆಗಲೂ ನಂದ ಇರ್ಲಿ, ನೀ ಸುಮ್ಮ ನೂಕು. ನಾನು ಬೇಡ ಎನ್ನಬೇಕಿತ್ತು, ಬಾಯಿ ತೆರೆದೆನೋ ಇಲ್ಲವೋ, ಅವಳಾಗಲೇ ಸೆರಗು ಮಡಚಿ ಹೆಗಲ ಮೇಲೆ ಸಿಂಬಿಯ ಹಾಗೆ ಇಟ್ಟುಕೊಂಡು ಬಾಗಿ, ಗಾಣದ ಉದ್ದನೆಯ ಮರದ ತುದಿಗಿದ್ದ ನೊಗದ ಕೆಳಗೆ ನುಗ್ಗಿ ಎದ್ದು ನಿಂತಳು. ಎತ್ತಿನ ಕೊರಳಿಗೆ ಕೆತ್ತಿದ ನೊಗ, ಅವಳದು ಒಂದು ಹಿಡಿ ಕೊರಳು, ಎರಡು ಕಡೆ ಜಾಗ ಉಳಿಯಿತು. ಹೂಂ, ಎಂದಳು. ಶಿವಗಂಗಾ ಹಿಂದಿನಿಂದ ನೂಕಿದಳು, ಮರ ಅಲುಗಲಿಲ್ಲ, ಮತ್ತೆ ನೂಕಿದಳು, ಕಿರ್ ಎಂದಿತು, ಕಾಲು ನೆಲಕ್ಕೊತ್ತಿ ಅಂಬಮ್ಮ ಮುಂದೆ ಬಾಗಿದಳು, ಕಿರ್ರೋ — ಅದೇ ಸದ್ದು, ಬಂದಾಗ ಕೇಳದೆ ಇದ್ದದ್ದು.

ಮೊಬೈಲ್ ನೆಟ್ಟಗೆ ಹಿಡಿಯಿರಿ ಎನ್ನುತ್ತಿದೆ ಪರದೆ, ಚಲಿಸುವ ಭಾಗ ಕಾಣುವಂತೆ ಹಿಡಿಯಿರಿ, ಹಿಡಿದಿದ್ದೇನೆ, ಚಲಿಸುವ ಭಾಗ ಎಂದರೆ ಯಾವುದು, ಒರಳೋ ಮರವೋ ಅವಳೋ, ಕೆಳಗೆ ನೀಲಿ ಪಟ್ಟಿ ತುಂಬುತ್ತಾ ಹೋಗಬೇಕು, ನಿಧಾನ, ಎಷ್ಟು ನಿಧಾನ, ಅವಳು ಆ ಕಡೆ ಹೋದರೆ ಬೆನ್ನು, ಈ ಕಡೆ ಬಂದರೆ ಕೊರಳು, ಕೊರಳಿನ ನರ ಹಗ್ಗದ ಹಾಗೆ ಎದ್ದಿದೆ, ಸೆರಗಿನ ಸಿಂಬಿ ಜಾರುತ್ತಿದೆ, ಹೇಳಲೇ, ಮಾತಾಡಿದರೆ ವಿಡಿಯೊದಲ್ಲಿ ನನ್ನ ದನಿ ಬರುತ್ತದೆ, ಮತ್ತೆ ಮೊದಲಿನಿಂದ ತೆಗೆಯಬೇಕು, ಸುಮ್ಮನಿದ್ದೆ. ಬೇವಿನ ಕೆಳಗೆ ಎತ್ತುಗಳು ಮೆಲುಕು ನಿಲ್ಲಿಸಿ ಇತ್ತ ನೋಡುತ್ತಿವೆ, ತಮ್ಮ ಜಾಗದಲ್ಲಿ ಇದ್ಯಾರು ಎನ್ನುವ ಹಾಗೆ. ಗಾಣದೆತ್ತಿನ ಹಾಗೆ ದುಡಿದೆವು ಎಂದು ನಾವು ಆಫೀಸಿನಲ್ಲಿ ಸಂಜೆ ಚಹಾ ಕುಡಿಯುತ್ತಾ ಎಷ್ಟು ಸಲ ಹೇಳಿಲ್ಲ, ಇನ್ನು ಹೇಳಲಾರೆ. ಒಂದು ಸುತ್ತು, ಇನ್ನೊಂದು, ಕೊರಳು ಹತ್ತಿರ ಬಂತು, ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿದೆ, ಕಣ್ಣು ನೆಲದ ಮೇಲೆ, ಎತ್ತಿಗೆ ಕಟ್ಟುವ ಬಟ್ಟೆಯೂ ಇಲ್ಲ ಈ ಕಣ್ಣಿಗೆ, ಎಲ್ಲಾ ಕಾಣುತ್ತದೆ, ಒರಳಿನಲ್ಲಿ ಎಣ್ಣೆ ಮಿನುಗುತ್ತಿರುವುದು ನನಗೂ ಕಾಣುತ್ತಿದೆ, ಪಟ್ಟಿ ತುಂಬಿತು, ಟಿಂಗ್. ಸಾಕಮ್ಮ, ಸಾಕು, ನಿಂದ್ರಿ.

ವಿಡಿಯೊ ಸ್ವೀಕೃತವಾಗಿದೆ. ಘಟಕ ಚಾಲನೆಯಲ್ಲಿದೆಯೇ, ಹೌದು, ಒತ್ತಿದೆ, ಸುಳ್ಳಲ್ಲ, ತಿರುಗಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಎದೆ ಹಗುರಾಯಿತು, ಎತ್ತು ಉಳಿದವು, ಮುಗಿಯಿತು ಎಂದುಕೊಂಡೆ, ಮುಗಿದಿಲ್ಲ, ಇನ್ನೊಂದು ಪ್ರಶ್ನೆ, ಚಾಲಕ ಶಕ್ತಿ ಯಾವುದು, ಕೆಳಗೆ ಸಾಲಾಗಿ ವಿದ್ಯುತ್, ಡೀಸೆಲ್, ಪ್ರಾಣಿ, ಮಾನವ. ಕಂಡದ್ದನ್ನು ಒತ್ತಿ ಎಂದಿದ್ದರಲ್ಲ, ಕಂಡದ್ದು ಮಾನವ, ಬೆರಳು ಅದರ ಮೇಲೆ ಹೋಯಿತು, ಕೆಂಪು ಅಕ್ಷರ ಮೂಡಿತು — ಮಂಜೂರಾದ ಶಕ್ತಿ ಪ್ರಾಣಿ, ಹೊಂದಿಕೆಯಾಗುತ್ತಿಲ್ಲ, ಸಾಲ ದುರ್ಬಳಕೆ ಎಂದು ದಾಖಲಿಸಬೇಕೇ. ಬೇಡ ಬೇಡ, ಹಿಂದೆ ಬಂದೆ. ಸ್ಥಗಿತಕ್ಕಿಂತ ಅದು ಕೆಟ್ಟದ್ದು, ಕೇಸು ಹಾಕುತ್ತಾರೆ. ಪ್ರಾಣ ಇದ್ದದ್ದೆಲ್ಲಾ ಪ್ರಾಣಿಯೇ ಅಲ್ಲವೇ, ಹಾಗೆ ನೋಡಿದರೆ ಸುಳ್ಳಲ್ಲ, ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಪ್ರಾಣಿ ಎಂದು ಒತ್ತಿದೆ. ಹಸಿರು. ಚಿತ್ರದ ಕೆಳಗೆ, ಚಾಲಕ ಶಕ್ತಿ ಪ್ರಾಣಿ, ಪರಿಶೀಲನೆ ಪೂರ್ಣ. ಆತ್ರೇನ್ರಿ ಮೇಡಂ, ಎಂದು ಶಿವಗಂಗಾ ಕೇಳಿದಳು, ಆತು ತಂಗಿ, ಸಾಲಕ್ಕೇನೂ ಆಗಂಗಿಲ್ಲ, ಎಂದೆ, ಅವಳು ಅತ್ತೆಯ ಹೆಗಲಿಗೆ ಅಲ್ಲೇ ಹಿಂಡಿದ ಎಣ್ಣೆ ಹಚ್ಚುತ್ತಾ ಅಳುತ್ತಿದ್ದಾಳೆ, ಅಂಬಮ್ಮ ನಗುತ್ತಿದ್ದಾಳೆ. ಏ ಹುಚ್ಚಿ, ಅಳ್ತಾರೇನು, ಎತ್ತು ಉಳದ್ವು, ಸೋಮವಾರನೂ ಉಳೀತು. ತಂಗಿ, ತೋರ್ಸು ನೋಡೂಣು, ಹೆಂಗ ಬಂದೀನಿ, ನನ್ನ ಫೋಟ ಯಾರೂ ತಗದಿಲ್ಲ ಮದಿವಿ ಆದಾಗಿಂದ. ಮೊಬೈಲ್ ಅವಳೇ ನನ್ನ ಕೈಯಿಂದ ತನ್ನ ಕಡೆ ತಿರುಗಿಸಿಕೊಂಡಳು, ಪರದೆಯ ಮೇಲೆ ವಿಡಿಯೊದ ಒಂದು ಚಿತ್ರ ನಿಂತಿದೆ, ಬಾಗಿದ ಕೊರಳು, ಕೊರಳ ಮೇಲೆ ನೊಗ. ನೋಡ್ ನೋಡ್, ನಾನ ಅದೀನಿ. ಅವಳ ಬೆರಳು ಚಿತ್ರದ ಕೆಳಗೆ ಸರಿಯಿತು. ಇಲ್ಲೇನೋ ಹಸರ ಅಕ್ಷರದಾಗ ಬರದೈತಲ್ಲ ತಂಗಿ, ನನ್ನ ಹೆಸರೇನು, ನನಗ ಓದಾಕ ಬರಂಗಿಲ್ಲ, ಏನಂತ ಬರದೈತಿ ಓದು — ಓದಬೇಕು, ಏನಾದರೂ ಹೇಳಬೇಕು, ಹೌದಮ್ಮ ನಿಮ್ಮ ಹೆಸರೇ ಎಂದುಬಿಟ್ಟರೆ ಸಾಕು, ಪಕ್ಕದಲ್ಲಿ ಶಿವಗಂಗಾ ಬಗ್ಗಿ ನೋಡುತ್ತಿದ್ದಾಳೆ, ಅವಳಿಗೆ ಓದಲು ಬರುತ್ತದೆ, ಅವಳ ಕೈ ಅತ್ತೆಯ ಹೆಗಲ ಮೇಲೆ ನಿಂತುಬಿಟ್ಟಿದೆ, ಬಾಗಿದ ಕೊರಳು, ಕೊರಳ ಮೇಲೆ ನೊಗ, ಕೆಳಗೆ ಹಸಿರು ಅಕ್ಷರ, ಅಂಬಮ್ಮನ ಬೆರಳು ಅದರ ಮೇಲೇ ಇದೆ, ಬಾಗಿದ ಕೊರಳು, ಕೆಳಗೆ ಅಕ್ಷರ, ಕೊರಳು —